ಬನ್ನಿಯ ಬುಡದ ಮುಳ್ಳು

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ತಗ್ಗಿನಹಾಳದ ಎರೆಹೊಲಗಳಲ್ಲಿ ಬಿಳಿಜೋಳ ಕೀಳುವ ಕೆಲಸ ನಡೆದಿತ್ತು. ನೀಲಗಂಗವ್ವನ ಹೊಲದಲ್ಲಿ ಹೊತ್ತು ಮೂಡುವುದಕ್ಕೆ ಮುಂಚೆಯೇ ಹೆಂಗಸರು ಸೆರಗು ಬಿಗಿದು ಸಾಲು ಹಿಡಿದಿದ್ದರು. ದಂಟನ್ನು ಬುಡಕ್ಕೆ ಹಿಡಿದು, ಒಂದು ಸಲ ಅಲುಗಿಸಿ ಜಗ್ಗಬೇಕು. ಬೇರಿಗೆ ಅಂಟಿದ ಹೆಂಟೆಯನ್ನು ಮುಂಗಾಲಿಗೆ ಬಡಿದು ಉದುರಿಸಿ ದಂಟನ್ನು ಹಿಂದಕ್ಕೆ ಮಲಗಿಸಬೇಕು. ಸಾಲು ಮುಗಿಯುವ ಹೊತ್ತಿಗೆ ಅಂಗೈ ಕೆಂಡವಾಗಿ ಸೊಂಟ ಹಿಡಿದುಕೊಂಡಿರುತ್ತದೆ. ಎರೆನಾಡಿನಲ್ಲಿ ಜೋಳ ಕೀಳುವುದೆಂದರೆ ಗಟ್ಟಿ ಗಂಡಸರೂ ಏನಾದರೊಂದು ನೆವ ತೆಗೆದು ತಪ್ಪಿಸಿಕೊಳ್ಳುವ ಕೆಲಸ.

ಈ ಸಲ ಯಾರ ಅಂಗೈಯೂ ಕೆಂಪಾಗಲಿಲ್ಲ.

"ಏನಲೇ ನೀಲಗಂಗಾ," ಪಕ್ಕದ ಸಾಲಿನಿಂದ ದೇವಕ್ಕ ಕೂಗಿದಳು. "ನಿನ್ನ ಜ್ವಾಳ ಕಿತ್ರ ಕಿತ್ತಂಗ ಆಗವಲ್ದು. ಮುದುಕಿ ಬಾಯಾಗಿನ ಹಲ್ಲು ಬಂದಂಗ ಬರಾಕತ್ತೈತಿ!"

"ನಿನ್ನ ಕೈಯಾಗ ಎಮ್ಮಿ ಹಿಂಡೋ ಕಸುವೈತಲ್ಲ, ಅದಕ್ಕ ಬರ್ತೈತಿ."

"ಎಮ್ಮಿಗಾದ್ರೂ ಅಂಜಬೇಕು. ನಿನ್ನ ಜ್ವಾಳಕ್ಕ ಏನಂಜೋದು?"

ಹೆಂಗಸರು ನಕ್ಕರು. ನೀಲಗಂಗವ್ವನೂ ನಕ್ಕಳು. ಆದರೆ ಕೈಯಲ್ಲಿದ್ದ ದಂಟನ್ನು ತಿರುಗಿಸಿ ನೋಡಿದಳು. ಬೇರು ಗೇಣುದ್ದವೂ ಇರಲಿಲ್ಲ, ತುದಿ ಕಂದು ಬಣ್ಣಕ್ಕೆ ತಿರುಗಿ ಮೊಂಡಾಗಿತ್ತು. ಕಾಲಿಗೆ ಬಡಿಯಲು ಹೆಂಟೆಯೇ ಇರಲಿಲ್ಲ. ಮಣ್ಣು ಬೂದಿಯ ಹಾಗೆ ತಾನೇ ಸೋರಿತು. ಸೋರಿದ ಮಣ್ಣಲ್ಲಿ ಎರೆಹೊಲದಲ್ಲಿ ಯಾವಾಗಲೂ ಕಾಣುವ ಬಿಳಿಯ ಸುಣ್ಣದ ಹರಳು ಒಂದೂ ಕಾಣಲಿಲ್ಲ. ಅದನ್ನು ಅವಳು ಕಂಡಳು, ಕಂಡು ಮುಂದಿನ ದಂಟಿಗೆ ಕೈ ಹಾಕಿದಳು. ತೆನೆ ಮಾತ್ರ ಮುಷ್ಟಿಗೆ ಮೀರಿ ತುಂಬಿತ್ತು. ತೆನೆ ತುಂಬಿರುವಾಗ ಬೇರನ್ನು ಯಾರು ಕೇಳುತ್ತಾರೆ?

ಈ ಊರಲ್ಲಿ ಜೋಳ ಕೀಳುವುದಕ್ಕೆ ಕೂಲಿ ಇಲ್ಲ, ಮುಯ್ಯಿ. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ಇನ್ನೊಂದು ದಿನ ನಾನು ನಿನ್ನ ಹೊಲಕ್ಕೆ ಬರಬೇಕು. ಹಾಗೆ ತಿರುಗಿ ಬಂದ ದಿನ ಹೊತ್ತು ಮುಳುಗುವಾಗ ಆ ಹೊಲದೊಡತಿ ಬಂದವಳ ಉಡಿಗೆ ಒಂದು ತೆನೆ ಹಾಕಿ "ಮುಯ್ಯಿ ಮುಟ್ಟಿತವ್ವಾ" ಅನ್ನುತ್ತಾಳೆ. ಆ ಮಾತು ಬಿದ್ದರೇ ಮುಯ್ಯಿ ತೀರಿದಂತೆ. ಇದು ಹೆಂಗಸರ ನಡುವಿನ ಲೆಕ್ಕ, ಗಂಡಸರು ಬಾಯಿ ಹಾಕುವಂತಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ದೇವಕ್ಕ ನೆನಪಿಸಿದಳು. "ಬರೋ ಸ್ವಾಮಾರ ನನ್ನ ಹೊಲ. ಕಂಬದ ಮನ್ಯಾಗ ಕೆಲಸ ಐತಿ ಅಂತ ತಪ್ಪಿಸಿಗೊಂಡಿ ಅಂದ್ರ ಜುಟ್ಟ ಹಿಡಿದು ಎಳಕೊಂಡು ಹೋಗ್ತೀನಿ."

"ಬರ್ತೀನೇಳು. ನಿನ್ನ ಮುಯ್ಯಿ ಇಟಗೊಂಡು ನಾ ಎಲ್ಲಿ ಹೋಗ್ಲಿ?"

ಕಂಬದ ಮನೆ ಅಂದರೆ ಶಾಲೆಯ ದಿಬ್ಬದ ಮೇಲಿದ್ದ ಒಂದು ಕೋಣೆ. ಊರಿನ ಎಲ್ಲ ಹೊಲಗಳ ಮಿಂಚುಗಂಬಗಳ ಸುದ್ದಿ ಅಲ್ಲಿಗೆ ಬರುತ್ತಿತ್ತು. ಅದನ್ನು ನೋಡಿಕೊಳ್ಳಲು ಊರಿನ ರೈತರ ಸಂಘ ನೀಲಗಂಗವ್ವನನ್ನು ನೇಮಿಸಿತ್ತು. ಗುಡುಗಿ ಸುರಿದ ಮಳೆಗೆ ಪೈರು ಕಪ್ಪಗೆ ಮಿರುಗುವುದು ಎಲ್ಲ ಒಕ್ಕಲಿಗರಿಗೂ ಗೊತ್ತು. ಮಿಂಚು ಗಾಳಿಯಲ್ಲಿರುವ ಸಾರಜನಕವನ್ನು ಸುಟ್ಟು ನೀರಿಗೆ ಬೆರೆಸುತ್ತದೆ, ಅದು ಪೈರಿಗೆ ಅನ್ನವಾಗುತ್ತದೆ. ಈ ಕಂಬಗಳು ಮಾಡುತ್ತಿದ್ದುದೂ ಅದನ್ನೇ. ತುದಿಯ ಗಾಜಿನ ಬುರುಡೆಯಲ್ಲಿ ಬಿಸಿಲಿನ ಶಕ್ತಿಯಿಂದ ಸಣ್ಣ ಮಿಂಚು ಹಗಲೆಲ್ಲ ಚಿಟಚಿಟ ಅನ್ನುತ್ತಿತ್ತು. ಬುರುಡೆಯಿಂದ ಇಳಿದ ನೀರು ಹನಿಕೊಳವೆಯಲ್ಲಿ ಸಾಲುಸಾಲಿಗೂ ಹೋಗುತ್ತಿತ್ತು. ಕಂಬ ಬಂದ ಮೇಲೆ ಯೂರಿಯಾ ಚೀಲಕ್ಕಾಗಿ ಪಾಳಿ ಹಚ್ಚುವುದು ತಪ್ಪಿತು.

ಆ ನೀರಿಗೆ ಒಂದು ದೋಷವಿತ್ತು, ಅದು ಹುಳಿ. ಪೈರು ಉಂಡು ಬಿಟ್ಟ ಹುಳಿ ಮಣ್ಣಲ್ಲಿ ಉಳಿಯುತ್ತದೆ. ಅದಕ್ಕೇ ಕಂಬ ನೆಟ್ಟವರು ಕಟ್ಟುನಿಟ್ಟಾಗಿ ಹೇಳಿದ್ದರು: ಒಂದು ವರ್ಷ ಜೋಳವಾದರೆ ಮರುವರ್ಷ ಕಂಬ ನಿಲ್ಲಿಸಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬಿತ್ತಿರಿ, ಉಳಿದ ಸಾರವನ್ನು ಆ ಬೇರುಗಳು ಹೀರಲಿ, ನೆಲ ದಣಿವಾರಿಸಿಕೊಳ್ಳಲಿ. ಮರೆತವರಿಗಾಗಿ ಒಂದು ಕಾವಲನ್ನೂ ಇಟ್ಟಿದ್ದರು. ತೋಳುದ್ದದ ಉಕ್ಕಿನ ಸಲಾಕೆಯೊಂದನ್ನು ಹೊಲದಲ್ಲಿ ಹುಗಿದರೆ ಅದು ಮಣ್ಣಿನ ಹುಳಿಯನ್ನೂ ಸುಣ್ಣವನ್ನೂ ಅಳೆದು ಕಂಬದ ಮನೆಯ ಪರದೆಗೆ ಹೇಳುತ್ತಿತ್ತು. ಸುಣ್ಣ ಸಾಕಷ್ಟಿದ್ದರೆ ಹಸಿರು, ತೀರುತ್ತ ಬಂದರೆ ಕೆಂಪು. ಕೆಂಪಾದರೆ ಕಂಬ ತಾನೇ ನಿಲ್ಲುತ್ತದೆ. ಊರವರು ಸಲಾಕೆಗೆ ಮುಳ್ಳು ಎಂದು ಹೆಸರಿಟ್ಟರು.

ಪರದೆ ಒಂದು ದಿನವೂ ಕೆಂಪಾಗಲಿಲ್ಲ. ಹಸಿರು ಕಾಣುವ ಹೊಲಕ್ಕೆ ವಿರಾಮ ಯಾಕೆ ಎಂದು ಮೊದಲು ಒಬ್ಬ ಕಡಲೆ ಬಿಟ್ಟ, ಮರುವರ್ಷ ಹತ್ತು ಮನೆಯವರು ಬಿಟ್ಟರು. ಈಗ ಮುಂಗಾರಿಗೆ ಗೋವಿನಜೋಳ, ಹಿಂಗಾರಿಗೆ ಬಿಳಿಜೋಳ, ಮತ್ತೆ ಅದೇ, ಮತ್ತೆ ಅದೇ. ಹೆಸರುಕಾಳಿಗೆ ಊರವರು ಪೇಟೆಗೆ ಹೋಗುತ್ತಿದ್ದರು.

*

ಬೆಳೆದ ಜೋಳವನ್ನು ಇಡಲು ಗೋದಾಮು ಸಾಲದೆ, ಅಜ್ಜಂದಿರ ಕಾಲದ ಹಗೇವುಗಳನ್ನು ಊರವರು ಮತ್ತೆ ಬಾಯಿ ತೆರೆದಿದ್ದರು. ಹಗೇವು ಅಂದರೆ ಮನೆಯ ಮುಂದಿನ ನೆಲದಲ್ಲಿ ಕೊಡದ ಆಕಾರಕ್ಕೆ ತೋಡಿದ ಕಾಳಿನ ಗುಂಡಿ. ಕೊರಳು ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಹೊಸ ಜೋಳ ತುಂಬುವ ಮೊದಲು ಇಳಿದು ಗುಡಿಸಬೇಕು. ಕಾಳು ತುಂಬಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ, ಹಾಗೇ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೆ ಮೊದಲು ಹಗ್ಗ ಕಟ್ಟಿ ಕಂದೀಲು ಇಳಿಸುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯುತ್ತಾನೆ.

ನೀಲಗಂಗವ್ವನ ಗಂಡ ಅಂದಾನಪ್ಪ ಮರುದಿನ ಕಂದೀಲು ಇಳಿಸಿದ. ಪಕ್ಕದಲ್ಲಿ ಹಗ್ಗ ಹಿಡಿಯಲು ದೇವಕ್ಕನ ಗಂಡ ಬಸಲಿಂಗಪ್ಪ ಇದ್ದ. ಕಂದೀಲು ಕೊರಳು ದಾಟಿ ಮೊಳದಷ್ಟು ಇಳಿದಿರಬೇಕು, ಯಾರೋ ಬೆರಳಲ್ಲಿ ಚಿವುಟಿದಂತೆ ಆರಿತು.

"ಎಣ್ಣಿ ಹಾಕೀಯೋ ಇಲ್ಲೋ ಮಾರಾಯಾ?" ಅಂದ ಬಸಲಿಂಗಪ್ಪ. "ಜಿಪುಣತನಕ್ಕ ಒಂದು ಮಿತಿ ಇರಬೇಕು."

ಮತ್ತೆ ಹಚ್ಚಿ ಇಳಿಸಿದರು. ಮತ್ತೆ ಆರಿತು.

"ಕಾಳಿನ ಉಸುರು ಇನ್ನೂ ಹೋಗಿಲ್ಲ," ಎಂದ ಅಂದಾನಪ್ಪ. "ಬಾಯಿ ತಗದು ಬಿಡೂಣು, ಬಿಸಲು ಬೀಳ್ಲಿ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀಲಗಂಗವ್ವ ಅಂಗಳಕ್ಕಿಳಿದಳು. "ಕಾಳಿನ ಉಸುರು ಅಂತೀರಲ್ಲ, ದೀವಳಿಗಿಯಿಂದ ಈ ಹಗೇವು ಖಾಲಿ ಐತಿ. ಉಸುರು ಯಾರದು?"

ಇಬ್ಬರೂ ಅವಳ ಮುಖ ನೋಡಿದರು. ಅಂಗಳದ ತಗ್ಗಿನಲ್ಲಿ ಬೆಳಗ್ಗೆ ಮೂರು ಕೋಳಿ ಸತ್ತು ಬಿದ್ದಿದ್ದವು. ಕೋಳಿಗೆ ಬೇನೆ ಬಂದಿದೆ ಎಂದು ಎಲ್ಲರೂ ತಿಳಿದಿದ್ದರು.

ಅವಳು ಕಂಬದ ಮನೆಗೆ ಹೋದಳು. ಪರದೆಯ ಮೇಲೆ ಊರಿನ ಹೊಲಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಆ ಹಸಿರು ನೋಡಿದರೆ ಯಾವಾಗಲೂ ಅವಳಿಗೆ ಮನಸ್ಸು ತಣ್ಣಗಾಗುತ್ತಿತ್ತು. ಇವತ್ತು ಆಗಲಿಲ್ಲ. ವರ್ಷಕ್ಕೊಮ್ಮೆ ಬಂದು ಕಂಬಗಳನ್ನೂ ಪರದೆಯನ್ನೂ ಮಾತ್ರ ತಪಾಸಣೆ ಮಾಡಿ ಹೋಗುತ್ತಿದ್ದ ಪ್ರಯೋಗಾಲಯದ ಸಬೀಹಾಗೆ ಫೋನು ಹಚ್ಚಿದಳು. ಬೇರು, ಹರಳು, ಕಂದೀಲು, ಕೋಳಿ, ಎಲ್ಲ ಹೇಳಿದಳು.

"ಅಕ್ಕಾರ," ಎಂದಳು ಸಬೀಹಾ, "ಹಗೇವಿಗೆ ಯಾರನ್ನೂ ಇಳಸಬ್ಯಾಡ್ರಿ. ನಾ ನಾಳೆ ಬರ್ತೀನಿ."

*

ಮಾತು ಕೊಟ್ಟಂತೆ ಮರುದಿನ ಬಂದ ಸಬೀಹಾ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹೊಲಕ್ಕೆ ನಡೆದಳು. "ಮುಳ್ಳು ಎಲ್ಲಿ ಹುಗಿದೀರಿ ತೋರಸ್ರಿ," ಎಂದಳು.

ನೀಲಗಂಗವ್ವ ಅವಳನ್ನು ಹೊಲದ ಮೂಲೆಯ ಬನ್ನಿಗಿಡದ ಬುಡಕ್ಕೆ ಕರೆದೊಯ್ದಳು. ಅಲ್ಲಿ ಪಾಂಡವರೆಂದು ಪೂಜಿಸುವ ಐದು ಕಲ್ಲುಗಳಿದ್ದವು. ಎಳ್ಳಮಾಸಿಯ ದಿನ ಕಲ್ಲಿಗೆ ಸುಣ್ಣ ಬಳಿದು, ಎಡೆ ಇಟ್ಟು, ಆ ಎಡೆಯನ್ನೇ ಹೊಲಕ್ಕೆಲ್ಲ ಚರಗವಾಗಿ ಚೆಲ್ಲುವುದು ವಾಡಿಕೆ. ಆ ಬುಡವನ್ನು ಯಾರೂ ಉಳುವುದಿಲ್ಲ, ಚಪ್ಪಲಿ ಮೆಟ್ಟುವುದಿಲ್ಲ. ಕಲ್ಲಿನ ಪಕ್ಕದಲ್ಲೇ ಮುಳ್ಳು ನಿಂತಿತ್ತು.

"ಇಲ್ಲ್ಯಾಕ?"

"ಮೊದಲನೇ ವರ್ಷ ಹೊಲದ ನಡುವನ ಇತ್ರಿ. ಟ್ರ್ಯಾಕ್ಟರಿನ ಕುಂಟಿಗೆ ಸಿಕ್ಕು ಮುರೀತು. ಊರಾಗ ಎಲ್ಲಾರವೂ ಮುರದ್ವು. ಇಲ್ಲಾದ್ರ ಯಾರೂ ಹಾಯಂಗಿಲ್ಲ, ದೇವರೂ ಕಾಯ್ತಾನ ಅಂತ..." ಹೇಳುತ್ತ ಹೇಳುತ್ತ ನೀಲಗಂಗವ್ವನ ದನಿ ಇಳಿಯಿತು. "ಎಲ್ಲಾರೂ ತಮ್ಮ ತಮ್ಮ ಬನ್ನಿ ಬುಡಕ್ಕ ತಂದು ಹುಗದ್ರು. ನಾನ ಹೇಳಿದ್ದೆ."

ಸಬೀಹಾ ಬುಡದ ಮಣ್ಣನ್ನು ಅಂಗೈಯಷ್ಟು ತೆಗೆದು, ಚೀಲದಲ್ಲಿದ್ದ ಸಣ್ಣ ಬಾಟಲಿಯಿಂದ ಎರಡು ಹನಿ ಹಾಕಿದಳು. ಮಣ್ಣು ಸುಂಯ್ ಎಂದು ನೊರೆ ಕಾರಿತು. ಆಮೇಲೆ ಹೊಲದ ನಡುವೆ ಹೋಗಿ, ಜೋಳ ಕಿತ್ತ ಜಾಗದ ಮಣ್ಣಿಗೆ ಅದೇ ಹನಿ ಹಾಕಿದಳು. ಮಣ್ಣು ಸುಮ್ಮನೆ ಕುಡಿಯಿತು. ಇನ್ನೊಂದು ಕಡೆ ಹಾಕಿದಳು. ಅಲ್ಲಿಯೂ ಸದ್ದಿಲ್ಲ.

ನೀಲಗಂಗವ್ವ ಕಣ್ಣು ಕೀಳದೆ ನೋಡುತ್ತಿದ್ದಳು. ಹೆಣದ ಬಾಯಿಗೆ ನೀರು ಬಿಟ್ಟ ಹಾಗಿತ್ತು.

"ಸುಣ್ಣಕ್ಕ ಹುಳಿ ಬಿದ್ರ ನೊರಿ ಬರ್ತದ," ಎಂದಳು ಸಬೀಹಾ. "ಬನ್ನಿ ಬುಡಕ್ಕ ಹನಿಕೊಳವಿ ಇಲ್ಲ. ಮ್ಯಾಲ ನೀವು ವರ್ಷಾ ಸುಣ್ಣಾ ಬಳೀತೀರಿ. ಮುಳ್ಳು ಪಾಪ ಖರೇನ ಹೇಳ್ಯಾದ, ಇಲ್ಲಿ ಸುಣ್ಣ ಅದ ಅಂತ. ಹೊಲದಾಗಿಂದು ಅದಕ್ಕೇನು ಗೊತ್ತು? ಕಡಲಿ ಬಿತ್ತಿದ್ರ ಕಂಬ ಬಂದ್ ಇರ್ತಿತ್ತು, ಇದು ಇಷ್ಟಕ್ಕ ಬರ್ತಿದ್ದಿಲ್ಲ."

"ಹೊಲದಾಗಿನ ಸುಣ್ಣ ಎಲ್ಲಿಗೆ ಹೋತು?"

"ನೊರಿ ಆಗಿ ಗಾಳಿಗೆ ಹೋತು. ಸೋಡಾ ಬಾಟ್ಲಿಯೊಳಗ ಇರ್ತದಲ್ರೀ, ಅದ ಗಾಳಿ. ನಮ್ಮ ಗಾಳಿಗಿಂತ ಭಾರ, ನೀರಿನಂಗ ತಗ್ಗು ಹುಡಕ್ಕೊಂಡು ಹರೀತದ. ಒಂದೊಂದ ಹರಳು ಕರಗಿದಾಗ ಯಾರಿಗೂ ತಿಳೀಲಿಲ್ಲ. ಈಗ ಮ್ಯಾಲಿನ ಸುಣ್ಣ ತೀರೇದ. ಹುಳಿ ಕೆಳಗಿನ ಸುಣ್ಣದ ಪದರಿಗೆ ಇಳಿಲಿಕ್ಕತ್ತದ. ಅದು ಹರಳಲ್ಲ, ಆಳೆತ್ತರದ ಬಂಡಿಗಲ್ಲು."

ಎರೆ ಬಿರಿಯಲು ಶುರುವಾಗಿತ್ತು. ಅವರ ಕಾಲ ಬಳಿ ಅಂಗೈ ಅಗಲದ ಬಿರುಕೊಂದು ಕಪ್ಪಗೆ ಕೆಳಗೆ ಹೋಗಿತ್ತು. ಸಬೀಹಾ ಕಡ್ಡಿ ಗೀರಿ ಅದರ ಬಾಯಿಗೆ ಹಿಡಿದಳು. ಕಡ್ಡಿ ಆರಿತು. ಅವಳು ಎದ್ದು ಆಕಾಶ ನೋಡಿದಳು.

"ಈಗ ಮಳಿ ಬರಬಾರದು ಅಕ್ಕಾರ. ಮಳಿ ಬಂದ್ರ ಮ್ಯಾಲೆ ನಿಂತ ಹುಳಿನೆಲ್ಲಾ ಈ ಬಿರುಕಿನ್ಯಾಗ ತೊಳಕೊಂಡು ಒಮ್ಮೆಲೆ ಕೆಳಗ ಹೋಗ್ತದ, ಆ ಗಾಳಿ ಅಷ್ಟೂ ಒಮ್ಮೆಲೆ ಏಳ್ತದ. ನಿಮ್ಮೂರು ಇರೋದು ತಗ್ಗಿನ್ಯಾಗ."

ಮಾಘದಲ್ಲಿ ಮಳೆ ಎಲ್ಲಿಯದು ಅನ್ನುತ್ತ ನೀಲಗಂಗವ್ವ ತಲೆಯೆತ್ತಿದಳು. ತೆಂಕಣ ದಿಕ್ಕಿನಲ್ಲಿ ಮೋಡ ಎದ್ದಿತ್ತು.

*

ಕಂಬಗಳನ್ನೆಲ್ಲ ನಿಲ್ಲಿಸಿ, ಸಬೀಹಾಳನ್ನು ದಿಬ್ಬದ ಮೇಲೆ ಬಿಟ್ಟು ಅವಳು ಮನೆಗೆ ಓಡಿದಳು. ಮನೆಯಲ್ಲಿ ಬಾಣಂತಿ ಮಗಳಿದ್ದಳು. ಬಾಣಂತಿಕೋಣೆಗೆ ಕಿಟಕಿ ಇಲ್ಲ, ಗಾಳಿ ಸೋಕಬಾರದೆಂದು ಬಾಗಿಲಿಗೂ ಕಂಬಳಿ ಬಿಟ್ಟಿತ್ತು. ಹೊರಸಿನ ಮೇಲೆ ಸುವರ್ಣಾ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದಳು. ಹೊರಸಿನ ಕೆಳಗೆ ಕಾವಿಗಾಗಿ ಶೇಗಡಿಯಲ್ಲಿ ಕೆಂಡ ಇಟ್ಟಿದ್ದರು.

"ಯವ್ವಾ, ಕೆಂಡ ನಿಲ್ಲವಲ್ವು ನೋಡು," ಎಂದಳು ಸುವರ್ಣಾ ಜೋಮು ಹಿಡಿದ ದನಿಯಲ್ಲಿ. "ಮುಂಜಾನಿಯಿಂದ ಎರಡು ಸಲ ಹಾಕ್ಸಿದೆ. ತಲಿ ಬ್ಯಾರೆ ಸಿಡ್ಯಾಕತ್ತೈತಿ."

ನೀಲಗಂಗವ್ವ ಬಗ್ಗಿ ನೋಡಿದಳು. ಶೇಗಡಿಯ ಇದ್ದಿಲು ಅರ್ಧ ಉರಿದು ಕಪ್ಪಾಗಿ ಕೂತಿತ್ತು. ಮೇಲೆ ಬೂದಿಯೂ ಕಟ್ಟಿರಲಿಲ್ಲ. ಬಗ್ಗಿದವಳಿಗೆ ಮೂಗಿನಲ್ಲಿ ಚುರ್ ಎಂದಿತು, ಎದೆ ತಾನಾಗಿಯೇ ಏದುಸಿರು ಬಿಟ್ಟಿತು. ಹೊರಸಿನ ಕಾಲು ಎಷ್ಟು ಗಿಡ್ಡ ಅನ್ನುವುದು ಅವಳಿಗೆ ಅವತ್ತೇ ಮೊದಲು ಕಂಡದ್ದು. ಕೂಸಿನ ಹೊಟ್ಟೆ ಹಕ್ಕಿಯ ಗಂಟಲಿನ ಹಾಗೆ ಪಟಪಟ ಏಳುತ್ತ ಬೀಳುತ್ತ ಇತ್ತು.

ಅವಳು ಕೂಸನ್ನು ಎತ್ತಿ ತಲೆಯ ಮಟ್ಟಕ್ಕೆ ಹಿಡಿದಳು. "ಏಳು. ದಿಬ್ಬಕ್ಕ ನಡಿ."

"ಹಸಿ ಬಾಣಂತಿ, ಮೋಡ ಆಗೇತಿ. ಹುಚ್ಚು ಹಿಡಿದೈತೇನು ನಿನಗ?" ಹೊರಗಿನಿಂದ ಅಂದಾನಪ್ಪ ಕೂಗಿದ.

"ಹೌದು, ಹಿಡಿದೈತಿ. ಆಕಿನ್ನ ಹೊರತೀಯೋ, ನಾನ ಹೊರಲೋ?"

ಅವನು ಹೆಂಡತಿಯ ಮುಖ ನೋಡಿ ಮಗಳನ್ನು ಬೆನ್ನಿಗೆ ಹಾಕಿಕೊಂಡ.

ಪಂಚಾಯತಿಯ ಮೈಕಿನಲ್ಲಿ ಅವಳು ಕೂಗಿ ಕೂಗಿ ಹೇಳಿದಳು. ಎಲ್ಲರೂ ಶಾಲೆಯ ದಿಬ್ಬ ಹತ್ತಿರಿ, ಮುದುಕರನ್ನು, ಕೂಸುಗಳನ್ನು ನೆಲದ ಮೇಲೆ ಬಿಡಬೇಡಿರಿ. ಹಗೇವಿಗೆ ಕಂದೀಲು ಇಳಿಸಿ ನೋಡಿದ ಕೆಲವು ಮನೆಯವರು ತಕ್ಷಣ ಹೊರಟರು. ಉಳಿದವರು ಕಣದ ಕಡೆ ಓಡುತ್ತಿದ್ದರು. ಮಳೆಗೆ ಸಿಕ್ಕರೆ ರಾಶಿಯ ಜೋಳ ಕಪ್ಪಾಗುತ್ತದೆ, ತಾಡಪಾಲು ಹೊದಿಸಬೇಕು.

"ನಿನ್ನ ಪರದೀನ ಹಸರು ಅನ್ನಾಕತ್ತೈತಿ," ಒಬ್ಬ ತನ್ನ ಫೋನಿಗೂ ಬರುತ್ತಿದ್ದ ಆ ಹಸಿರನ್ನು ತೋರಿಸಿ ರೇಗಿದ. "ಇಷ್ಟು ದಿನ ಅದನ್ನ ನಂಬ್ರಿ ಅಂದಾಕಿನೂ ನೀನ, ಈಗ ನಂಬಬ್ಯಾಡ್ರಿ ಅನ್ನಾಕಿನೂ ನೀನ. ಯಾವ ಮಾತು ಕೇಳೂಣು?"

"ಯಾವ ಮಾತೂ ಕೇಳಬ್ಯಾಡಣ್ಣಾ. ನಿಮ್ಮನಿ ಮೂಲ್ಯಾಗ ಒಂದು ಚಿಮಣಿ ದೀಪ ಹಚ್ಚಿ ನೆಲದ ಮ್ಯಾಲ ಇಡು. ಅದರ ಮಾತು ಕೇಳು."

ಅವನು ಬಯ್ಯುತ್ತಲೇ ಒಳಗೆ ಹೋದ. ಹೊರಗೆ ಬಂದಾಗ ಬಗಲಲ್ಲಿ ಮುದಿ ತಾಯಿ ಇದ್ದಳು, ಬಯ್ಗುಳ ನಿಂತಿತ್ತು. ಆಮೇಲೆ ಓಣಿಯಿಂದ ಓಣಿಗೆ ಅದೇ ಸುದ್ದಿಯಾಯಿತು. ದೀಪ ನಿಲ್ಲುವುದಿಲ್ಲವಂತೆ, ದೀಪ ನಿಲ್ಲುವುದಿಲ್ಲವಂತೆ ಎನ್ನುತ್ತ ಜನ ದಿಬ್ಬ ಹತ್ತಿದರು.

ದೊಡ್ಡ ಹನಿಗಳು ಬೀಳಲು ಶುರುವಾದಾಗ ದೇವಕ್ಕ ದಿಬ್ಬದ ಅರ್ಧಕ್ಕೆ ಬಂದಿದ್ದಳು. ಅಲ್ಲೇ ನಿಂತಳು.

"ನನ್ನೆಮ್ಮಿ!"

"ದೇವಕ್ಕಾ, ಬ್ಯಾಡ." ನೀಲಗಂಗವ್ವ ಅವಳ ರಟ್ಟೆ ಹಿಡಿದಳು.

"ಗ್ವಾದಲಿಗೆ ಕಟ್ಟಿ ಬಂದೀನಲೇ, ಗಬ್ಬದ ಎಮ್ಮಿ. ಬಿಚ್ಚಿದ್ರ ತಾನ ಬರ್ತೈತಿ. ಈಗ ಹೋಗಿ ಈಗ ಬಂದೆ."

"ಆ ಗಾಳಿ ನೆಲದ ಮ್ಯಾಲೈತಿ. ಬಗ್ಗಿದ್ರ ಕೆಟ್ಟಿ."

"ಬಗ್ಗಂಗಿಲ್ಲೇಳು. ರಾಣಿ ನಡದಂಗ ನೆಟ್ಟಗ ನಡೀತೀನಿ. ಸ್ವಾಮಾರ ನನ್ನ ಹೊಲ, ನೆನಪೈತಿಲ್ಲ?" ಎಂದು ರಟ್ಟೆ ಬಿಡಿಸಿಕೊಂಡು, ನಿಜವಾಗಿಯೂ ನೆಟ್ಟಗೆ, ಸೆರಗು ತಲೆಯ ಮೇಲೆ ಎಳೆದುಕೊಂಡು ಇಳಿದಳು.

ಮಳೆ ಸುರಿಯಿತು. ಬಹಳ ಹೊತ್ತೇನೂ ಸುರಿಯಲಿಲ್ಲ. ನಿಂತ ಮೇಲೆ ಹೊಲಗಳ ಕಡೆಯಿಂದ ಒಂದು ಸದ್ದು ಕೇಳಿತು, ಒಗ್ಗರಣೆಗೆ ನೀರು ಬಿದ್ದಂತೆ, ಆದರೆ ದಿಗಂತದಿಂದ ದಿಗಂತದವರೆಗೆ. ದಿಬ್ಬದ ಬುಡದ ಬಿರುಕುಗಳ ಬಾಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಹೊತ್ತು ಇನ್ನೂ ಇತ್ತು, ಮೋಡದ ಸಂದಿನಿಂದ ಹಳದಿ ಬಿಸಿಲು ಬಿದ್ದಿತ್ತು. ಆ ಬಿಸಿಲಿನಲ್ಲಿ ಊರು ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಕಣ್ಣಿಗೆ ಕಾಣುವ ಬದಲಾವಣೆ ಯಾವುದೂ ಇರಲಿಲ್ಲ. ಗುಡಿಯ ಮುಂದಿನ ನಾಯಿಯೊಂದು ಕೂತಿತು, ಮಲಗಿತು, ಮತ್ತೆ ಏಳಲಿಲ್ಲ. ಕಣದಲ್ಲಿ ಕಾಳು ಹೆಕ್ಕಲು ಇಳಿದ ಗುಬ್ಬಿಗಳು ಇಳಿದಲ್ಲೇ ಉಳಿದವು. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.

ಓಣಿಯ ತಿರುವಿನಲ್ಲಿ ಎಮ್ಮೆ ಕಾಣಿಸಿತು. ತಲೆ ಮೇಲೆತ್ತಿ, ಮೂಗು ಅರಳಿಸಿ, ತಡವರಿಸುತ್ತ ದಿಬ್ಬ ಹತ್ತಿ ಬಂತು. ಕೊರಳಿನ ಹಗ್ಗ ಎಳೆದುಕೊಂಡು ಬರುತ್ತಿತ್ತು. ಹಗ್ಗದ ತುದಿಯ ಗಂಟು ಬಿಚ್ಚಿತ್ತು. ಆ ಗಂಟು ಗೋದಲೆಯ ಗೂಟಕ್ಕೆ, ನೆಲದ ಮಟ್ಟಕ್ಕೆ, ಕಟ್ಟಿದ್ದದ್ದು.

"ಹಿಂದ ಬರಾಕತ್ತಿರಬೇಕು," ಎಂದ ಬಸಲಿಂಗಪ್ಪ. "ಆಕಿ ನಡಿಗಿ ಮೊದಲ ನಿಧಾನ."

ಅವನನ್ನು ನಾಲ್ಕು ಜನ ಹಿಡಿದು ಕೂರಿಸಬೇಕಾಯಿತು. ಗಾಳಿ ಬೀಸಿ, ಓಣಿಗೆ ಇಳಿಸಿದ ಕಂದೀಲು ಉರಿದು ನಿಂತ ಮೇಲೆಯೇ ಸಬೀಹಾ ಅವರನ್ನು ಕೆಳಗೆ ಬಿಟ್ಟಳು. ದೇವಕ್ಕ ಗೂಟದ ಪಕ್ಕದಲ್ಲಿ ಮೊಣಕಾಲೂರಿ ಕೂತ ಹಾಗೇ ಇದ್ದಳು, ಹಣೆ ಗೋದಲೆಗೆ ತಾಗಿತ್ತು.

*

ದೇವಕ್ಕನ ಮಣ್ಣಾಗಿ ಮೂರನೇ ದಿನಕ್ಕೆ ದಿನಕಾರ್ಯವೂ ಮುಗಿಯಿತು. ಊರು ಅರ್ಧ ಖಾಲಿಯಾಗಿತ್ತು. ಉಳಿದವರು ಮಾಳಿಗೆಯ ಮೇಲೆ ಮಲಗುತ್ತಿದ್ದರು. ಮನೆಮನೆಯ ನೆಲದಲ್ಲಿ ಹಗಲೂ ರಾತ್ರಿಯೂ ಒಂದು ಚಿಮಣಿ ಉರಿಯುತ್ತಿತ್ತು. ಮಾತಾಡುವಾಗಲೂ ಊಟ ಮಾಡುವಾಗಲೂ ಎಲ್ಲರ ಕಣ್ಣಿನ ಒಂದು ಪಾಲು ಅದರ ಮೇಲೆ. ಸುವರ್ಣಾಳನ್ನೂ ಕೂಸನ್ನೂ ಮೇಲಿನೂರಿನ ನೆಂಟರ ಮನೆಯಲ್ಲಿ ಬಿಟ್ಟು ಬಂದಿದ್ದರು. ಮುಳ್ಳುಗಳನ್ನು ಹೊಲದ ನಡುವೆ ಹುಗಿದ ಮೇಲೆ ಕಂಬದ ಮನೆಯ ಪರದೆ ಕೆಂಪಾಯಿತು, ಒಂದು ಹೊಲವೂ ಬಿಡದಂತೆ.

"ಮುಂಗಾರಿಗೆ ಹೆಸರು ಬಿತ್ತೂಣು, ಹಿಂಗಾರಿಗೆ ಕಡಲಿ," ಎಂದು ನೀಲಗಂಗವ್ವ ಸಬೀಹಾಗೆ ಹೇಳಿದಳು. "ಇನ್ನ ಕಂಬ ಹಚ್ಚಂಗಿಲ್ಲ. ಸುಣ್ಣ ತಿರುಗಿ ಕೂಡಾಕ ಎಷ್ಟು ದಿನ ಬೇಕು?"

ಸಬೀಹಾ ಬೇರೆ ಕಡೆ ನೋಡಿದಳು. "ಬಿತ್ರಿ. ಹುಳಿ ಏರೋದು ನಿಲ್ತದ. ಆದ್ರ ಆ ಸುಣ್ಣ ಕೂಡ್ಲಿಕ್ಕೆ ಮನಷ್ಯಾರ ಲೆಕ್ಕದಾಗ ದಿನಾ ಇಲ್ಲ ಅಕ್ಕಾರ. ಇಳಿದ ಹುಳಿಯಿಂದ ಇನ್ನೆಷ್ಟು ಮಳಿಗೆ ಆ ಗಾಳಿ ಏಳ್ತದೋ, ಅದೂ ನನಗ ತಿಳಿಯಂಗಿಲ್ಲ."

ಸೋಮವಾರ ನೀಲಗಂಗವ್ವ ಹೊತ್ತು ಮೂಡುವ ಮುಂಚೆ ದೇವಕ್ಕನ ಹೊಲಕ್ಕೆ ಹೋದಳು. ಜೋಳ ಇನ್ನೂ ನಿಂತೇ ಇತ್ತು, ಮಳೆಗೆ ತೆನೆಯ ಮುಖ ಕಪ್ಪಾಗಿತ್ತು. ಯಾರೂ ಜೊತೆಗೆ ಬರಲಿಲ್ಲ, ಅವಳೂ ಕರೆದಿರಲಿಲ್ಲ. ಕಂದೀಲು ಹಚ್ಚಿ ಸಾಲಿನಲ್ಲಿ ತನಗಿಂತ ನಾಲ್ಕು ಮಾರು ಮುಂದೆ ಇಟ್ಟಳು. ಅಲ್ಲಿವರೆಗೆ ಕಿತ್ತು, ಎದ್ದು, ಕಂದೀಲನ್ನು ಮುಂದಕ್ಕಿಟ್ಟು, ಮತ್ತೆ ಬಗ್ಗಿದಳು. ದಂಟು ಕೈಗೆ ಭಾರವೇ ಇಲ್ಲದೆ ಬರುತ್ತಿತ್ತು. ಎರಡು ಸಲ ದೀಪ ಬಾಡಿತು. ಎರಡು ಸಲವೂ ಅವಳು ನೆಟ್ಟಗೆ ನಿಂತು, ಸೆರಗನ್ನು ಮೂಗಿಗೆ ಒತ್ತಿಕೊಂಡು, ಗಾಳಿ ಬರುವವರೆಗೆ ಕಾದಳು.

ಹೊತ್ತು ಮುಳುಗುವಾಗ ಬಸಲಿಂಗಪ್ಪ ಬದುವಿನ ಮೇಲೆ ಬಂದು ನಿಂತ. ಆಮೇಲೆ ಕೆಳಗೆ ಬಿದ್ದಿದ್ದ ದಂಟುಗಳಿಂದ ಕಪ್ಪಾಗದ ತೆನೆಯೊಂದನ್ನು ಹುಡುಕಿ ಮುರಿದು ತಂದ. ನೀಲಗಂಗವ್ವ ಉಡಿ ಒಡ್ಡಿದಳು. ಅವನು ತೆನೆ ಹಾಕಿದ. ಬಾಯಿ ತೆರೆದ. ಮುಚ್ಚಿದ.

"ಮುಯ್ಯಿ ಮಾತು ನಾ ಅನ್ನಂಗಿಲ್ಲಲ್ಲವಾ," ಎಂದ.

"ಹೌದಣ್ಣಾ. ನೀ ಅನ್ನಂಗಿಲ್ಲ."

ಅವಳು ಉಡಿಯ ತೆನೆಯನ್ನು ದೇವಕ್ಕನ ಹೊಲದ ಬನ್ನಿಯ ಬುಡದ ಐದು ಕಲ್ಲಿನ ಮುಂದೆ ಇಟ್ಟಳು. ಕಂದೀಲನ್ನು ಆರಿಸದೆ, ಮೊಣಕಾಲಿನ ಮಟ್ಟಕ್ಕೆ ಇಳಿಬಿಟ್ಟು, ಉರಿಯ ಮೇಲೆಯೇ ಕಣ್ಣಿಟ್ಟುಕೊಂಡು ಊರಿನ ಇಳಿಜಾರು ಇಳಿಯತೊಡಗಿದಳು.